ಒಂಬತ್ತಕ್ಕೆ ಮುಚ್ಚುವ ದಾರಿಯಲ್ಲಿ ಎರಡು ಹೆಲ್ಮೆಟ್

ಬೈಕಿನಲ್ಲಿ ಮೂರು ರಾಜ್ಯ ಸುತ್ತಿ ಬಂದ ಫೋಟೊ ಹಾಕಿದ್ದೇ ತಡ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಣೆ ಶುರುವಾಯಿತು. ಹೇಳದೆ ಕೇಳದೆ ಹೊರಡುವುದೇ? ಮನೆಯಲ್ಲಿ ಕಾರಿಲ್ಲವೇ? ಮಳೆಗಾಲದಲ್ಲಿ ಘಾಟಿ ಹತ್ತುವ ಹುಚ್ಚು ಯಾಕೆ? ದೊಡ್ಡಮ್ಮನ ಪ್ರಶ್ನೆಯಂತೂ ನೇರ: "ಹಿಂದಿನ ಸೀಟಿನಲ್ಲಿ ಅಷ್ಟು ಹೊತ್ತು ಕುಳಿತು ಸೊಂಟ ನೋಯಲಿಲ್ಲವೇನೇ?" ನೋಯಿತು ದೊಡ್ಡಮ್ಮ, ಚೆನ್ನಾಗಿಯೇ ನೋಯಿತು.

ನಮ್ಮ ಮನೆಯಲ್ಲಿ ಪ್ರವಾಸವೊಂದನ್ನು ಕೆಡಿಸಬೇಕೆಂದರೆ ಅದಕ್ಕೆ ಮೊದಲೇ ದಿನ ಗೊತ್ತುಮಾಡಿದರೆ ಸಾಕು. ರೂಮು ಕಾಯ್ದಿರಿಸಿದ ವಾರವೇ ಯಾರದಾದರೂ ಗೃಹಪ್ರವೇಶ ಬರುತ್ತದೆ, ಇಲ್ಲವೇ ಇವರ ಕಚೇರಿಗೆ ಆಡಿಟ್‌ನವರು ಬಂದು ಕೂರುತ್ತಾರೆ. ಹಾಗಾಗಿ ಶುಕ್ರವಾರ ಸಂಜೆ ಕಾಫಿ ಲೋಟ ಕೈಗೆ ಕೊಡುತ್ತಾ, "ರೀ, ಗುಂಡ್ಲುಪೇಟೆಗೆ ಹೋಗಿ ಮಲಗೋಣ, ಮುಂದಿನದು ಬೆಳಿಗ್ಗೆ ನೋಡೋಣ" ಎಂದೆ. ಅವರು ಮಾತಾಡದೆ ಟೈರಿನ ಗಾಳಿ ನೋಡಲು ಎದ್ದರು. ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿಲೊಮೀಟರ್. ನಂಜನಗೂಡು ದಾಟಿ ಬೇಗೂರು ಕಳೆಯುವ ಹೊತ್ತಿಗೆ ಕತ್ತಲಾಗಿತ್ತು.

ಗುಂಡ್ಲುಪೇಟೆಯಲ್ಲೇ ಯಾಕೆ ಮಲಗಬೇಕು ಎಂಬುದು ಆ ಕಡೆ ಓಡಾಡುವವರಿಗೆಲ್ಲ ಗೊತ್ತು. ಅಲ್ಲಿಂದ ಒಂದು ಹೆದ್ದಾರಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ಕೋಯಿಕ್ಕೋಡಿಗೆ. ಎರಡೂ ಬಂಡೀಪುರದ ಕಾಡಿನೊಳಗೆ ನುಗ್ಗುತ್ತವೆ. ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. ರಾತ್ರಿ ವಾಹನಗಳಿಗೆ ಕಾಡುಪ್ರಾಣಿಗಳು ಸಿಕ್ಕಿ ಸಾಯದಿರಲೆಂದು 2009ರಲ್ಲಿ ಬಂದ ನಿರ್ಬಂಧ ಇದು. 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಆಂಬುಲೆನ್ಸ್‌ಗಳಿಗೆ ಮತ್ತು ಎಣಿಸಿದಷ್ಟು ಸರ್ಕಾರಿ ಬಸ್ಸುಗಳಿಗೆ ಮಾತ್ರ ರಾತ್ರಿಯೂ ದಾರಿ ಬಿಡುತ್ತಾರೆ. ನಾವು ಉಳಿದ ವಸತಿಗೃಹದ ಮೆಟ್ಟಿಲ ಮೇಲೆ ಕಾರಿನವರೊಬ್ಬರು ಫೋನಿನಲ್ಲಿ ಕೂಗಾಡುತ್ತಿದ್ದರು: ತೆರಿಗೆ ಕಟ್ಟಿದ ರಸ್ತೆಯಲ್ಲಿ ನಮ್ಮನ್ನು ತಡೆಯಲು ಇವರು ಯಾರು? ಬಹಳ ಜನರ ಮನಸ್ಸಿನಲ್ಲಿ ಇರುವ ಪ್ರಶ್ನೆಯೇ. ಆದರೆ ನನಗೆ ಈ ನಿರ್ಬಂಧದ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಮನಸ್ಸು ಬಂದಾಗ ಹೊರಡುವುದು ನಮ್ಮ ಇಷ್ಟ. ಮನಸ್ಸು ಬಂದಾಗಲೆಲ್ಲ ಕಾಡು ಬಾಗಿಲು ತೆರೆದಿರಬೇಕು ಎನ್ನುವುದು ಮಾತ್ರ ದರ್ಪ.

ಬೆಳಿಗ್ಗೆ ಊಟಿ ದಾರಿ ಹಿಡಿದೆವು. ಶ್ರಾವಣವಾದ್ದರಿಂದ ಊರಾಚೆ ಚೆಂಡುಹೂವಿನ ಹೊಲಗಳು ಹಳದಿ ಎರಚಿದಂತಿದ್ದವು. ಓಣಂ ಹತ್ತಿರ ಬಂತೆಂದರೆ ಈ ಹೊಲಗಳನ್ನು ನೋಡಲು ಕೇರಳದಿಂದ ಕುಟುಂಬಗಳೇ ಬರುತ್ತವೆ. ಫೋಟೊ ತೆಗೆಸಿಕೊಳ್ಳಲು ಹೊಲದೊಳಗೆ ಬಿಡುವುದಕ್ಕೆ ರೈತರು ಹಣ ಕೇಳುತ್ತಾರೆ. ಕೇಳಲಿ ಬಿಡಿ, ಹೂವಿಗೆ ಸಿಗದ ಬೆಲೆ ಫೋಟೊಗಾದರೂ ಸಿಗಲಿ.

ಕಾಡಿನಲ್ಲಿ ಬೈಕು ಓಡಿಸುವವರಿಗೆ ರಸ್ತೆಯುಬ್ಬು ಕಾಣುತ್ತದೆ, ಹಿಂದೆ ಕುಳಿತವರಿಗೆ ಕಾಡು ಕಾಣುತ್ತದೆ. ಇದು ನಾನು ಬೈಕಿನ ಪರ ವಾದಿಸುವ ಮೊದಲ ಕಾರಣ. ಎರಡನೆಯದು ಮೂಗು. ಕಾರಿನ ಗಾಜಿನ ಹಿಂದೆ ಕುಳಿತರೆ ಲಂಟಾನದ ಆ ಘಾಟು, ಒದ್ದೆ ಬಿದಿರಿನ ವಾಸನೆ, ಹಬೆಯಾಡುವ ಹಸಿ ಲದ್ದಿಯ ವಾಸನೆ ಎಲ್ಲಿಂದ ಬರಬೇಕು? ಲದ್ದಿಯ ವಾಸನೆ ಬಂದೊಡನೆ ಇವರ ಭುಜ ತಟ್ಟುತ್ತೇನೆ, ಅವರು ವೇಗ ತಗ್ಗಿಸುತ್ತಾರೆ. ಇಷ್ಟು ವರ್ಷದ ದಾಂಪತ್ಯದಲ್ಲಿ ನಾನು ಹೇಳಿದ್ದನ್ನು ಅವರು ಎದುರು ಮಾತಿಲ್ಲದೆ ಕೇಳುವ ಜಾಗ ಇದೊಂದೇ.

ಗಡಿಯ ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ತಮಿಳುನಾಡಿನ ಸಿಬ್ಬಂದಿ ಇ-ಪಾಸ್ ಕೇಳಿದರು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿಗೂ ಕೊಡೈಕೆನಾಲಿಗೂ ಇದು ಬೇಕು. ಲೆಕ್ಕವಿಲ್ಲದೆ ಏರುವ ವಾಹನಗಳಿಂದ ಬೆಟ್ಟಕ್ಕೆ ಉಸಿರು ಕಟ್ಟಿದ್ದೇ ಇದಕ್ಕೆ ಕಾರಣ. ಯೋಜನೆಯಿಲ್ಲದ ಪ್ರಯಾಣಕ್ಕೂ ಅರ್ಜಿ ತುಂಬಬೇಕಲ್ಲ ಎಂದು ನಕ್ಕುಕೊಂಡೇ ಹಿಂದಿನ ರಾತ್ರಿ ಮೊಬೈಲಿನಲ್ಲಿ ತುಂಬಿದ್ದೆವು. ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನೂ ಅಲ್ಲಿ ಬಿಡುವುದಿಲ್ಲ. ನಮ್ಮ ಬಳಿ ಇದ್ದದ್ದು ಅಜ್ಜನ ಕಾಲದ ಸ್ಟೀಲಿನ ನೀರಿನ ಬಾಟಲಿ. ಅದನ್ನು ನೋಡಿ ಸಿಬ್ಬಂದಿಗೇ ನಗು ಬಂತು.

ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆಯ ಬಳಿ ಮಸಿನಗುಡಿಯ ಕಡೆ ಹೊರಳಿದೆವು. ಅಲ್ಲಿಂದ ಕಲ್ಲಟ್ಟಿ ಘಾಟಿ, 36 ಹೇರ್‌ಪಿನ್ ತಿರುವುಗಳು, ಪ್ರತಿ ತಿರುವಿಗೂ ಸಂಖ್ಯೆ ಬರೆದ ಫಲಕ. ಇಳಿಜಾರು ಎಷ್ಟು ಕಡಿದೆಂದರೆ, ಬ್ರೇಕು ಕಾದು ಕೈಕೊಟ್ಟ ಅಪಘಾತಗಳ ಬಳಿಕ ಹೊರಗಿನ ವಾಹನಗಳು ಈ ದಾರಿಯಲ್ಲಿ ಕೆಳಗಿಳಿಯುವುದನ್ನೇ ತಡೆದಿದ್ದಾರೆ. ಹತ್ತುವುದೇನೂ ಸುಲಭವಲ್ಲ. ನಮ್ಮ ನೂರೈವತ್ತು ಸಿಸಿ ಬೈಕು ಇಬ್ಬರನ್ನು ಹೊತ್ತು ಒಂದನೇ ಗೇರಿನಲ್ಲೇ ನರಳಿತು. ತಿರುವಿನಲ್ಲಿ ನಾನು ಇವರ ಜೊತೆಗೇ ವಾಲಬೇಕು. ಹೆದರಿ ಎದುರು ದಿಕ್ಕಿಗೆ ಮೈ ಎಳೆದರೆ ಇಬ್ಬರೂ ರಸ್ತೆಯ ಮೇಲೆ. ಮೇಲೇರಿದಂತೆ ಕುರುಚಲು ಕಾಡಿನ ಸೆಕೆ ಕಳೆದು, ನೀಲಗಿರಿ ಮರಗಳ ಗಾಳಿ ಹೆಲ್ಮೆಟ್ಟಿನೊಳಗೆ ತಣ್ಣಗೆ ನುಗ್ಗಿತು.

ಊಟಿಯ ಬಗ್ಗೆ ಹೇಳುವಂಥದ್ದು ಕಡಿಮೆ. ಅಲ್ಲಿನ ಗರಿಗರಿ ಬಿಸ್ಕತ್ತು ವರ್ಕಿ ತಿಂದು, ಚಹಾ ಕುಡಿದು, ಜನಜಂಗುಳಿಗೆ ಕೈಮುಗಿದು ಪೈಕಾರದ ಮೇಲೆ ಗೂಡಲೂರಿಗೆ ಇಳಿದೆವು. ಚಹಾದಂಗಡಿಯಲ್ಲಿ ನೀಲಗಿರಿಯ ಬಡಗ ಸಮುದಾಯದ ಹಿರಿಯರೊಬ್ಬರು ಪಕ್ಕದವರೊಡನೆ ಆಡುತ್ತಿದ್ದ ಮಾತು ಮಾತ್ರ ಕಿವಿಯಲ್ಲಿ ಉಳಿದಿದೆ. ಬಡಗ ನುಡಿ ಕನ್ನಡಕ್ಕೆ ಹತ್ತಿರವಾದ್ದರಿಂದ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧಕ್ಕೆ ಕಿವಿ ನಿಮಿರುತ್ತಿತ್ತು.

ದೇವರಶೋಲೆ, ಪಾಟ್ಟವಯಲ್ ದಾಟಿದರೆ ಕೇರಳ. ಎಲ್ಲೆಲ್ಲೂ ಚಹಾ ತೋಟ, ಆಮೇಲೆ ಅಡಿಕೆ, ಮೆಣಸು. ಕೇರಳದಲ್ಲಿ 2023ರಿಂದ ಎಐ ಕ್ಯಾಮೆರಾಗಳಿವೆ, ಹಿಂದೆ ಕುಳಿತವರು ಹೆಲ್ಮೆಟ್ ತೆಗೆದರೂ ಮನೆಗೆ ದಂಡದ ಚೀಟಿ ಬರುತ್ತದೆ. ರಾತ್ರಿ ಸುಲ್ತಾನ್ ಬತ್ತೇರಿಯಲ್ಲಿ ಉಳಿದೆವು. ಕರ್ನಾಟಕದಿಂದ ಹೋದ ಜೈನರ ಹಳೆಯ ಬಸದಿ ಅಲ್ಲಿದೆ. ಟಿಪ್ಪು ಅದನ್ನೇ ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿದ್ದರಿಂದ ಊರಿಗೆ 'ಸುಲ್ತಾನನ ಬ್ಯಾಟರಿ', ಅಂದರೆ ಸುಲ್ತಾನನ ಮದ್ದುಗುಂಡಿನ ಠಾಣೆ ಎಂಬ ಈ ಹೆಸರು.

ಬೆಳಿಗ್ಗೆ ಪುಟ್ಟು, ಕಡಲೆ ಕೊಟ್ಟ ಹೋಟೆಲಿನವರು ನಮ್ಮ ನಂಬರ್ ಪ್ಲೇಟು ನೋಡಿ ರಾತ್ರಿ ನಿರ್ಬಂಧದ ಮಾತು ತೆಗೆದರು. ಅವರದ್ದು ವಸತಿಗೃಹದ ಮೆಟ್ಟಿಲ ಮೇಲಿನ ಕೂಗಾಟವಲ್ಲ, ನಿಜವಾದ ದೂರು. ತರಕಾರಿ ಗುಂಡ್ಲುಪೇಟೆಯಿಂದ ಬರಬೇಕು. ಮಕ್ಕಳು ಓದುವುದು, ಕೆಲಸ ಮಾಡುವುದು ಮೈಸೂರು, ಬೆಂಗಳೂರಿನಲ್ಲಿ. ಹಬ್ಬಕ್ಕೆ ಹೊರಟ ಮಗ ಹತ್ತು ನಿಮಿಷ ತಡವಾದರೆ ಗೇಟಿನ ಬಳಿ ಬೆಳಗು ಮಾಡಬೇಕು. ಇದನ್ನು ಸುಮ್ಮನೆ ತಳ್ಳಿಹಾಕಲಾರೆ. ಆದರೆ ಗೋಣಿಕೊಪ್ಪ, ಕುಟ್ಟದ ಮೇಲೆ ಮಾನಂದವಾಡಿಗೆ ಇನ್ನೊಂದು ದಾರಿಯಿದೆ, ರಾತ್ರಿಯೂ ತೆರೆದಿರುತ್ತದೆ. ಸುತ್ತು ಹೌದು. ಆನೆಗೆ ಸುತ್ತಿಹೋಗಲು ಇನ್ನೊಂದು ಬಂಡೀಪುರವಿಲ್ಲ ಎಂದೆ. ಅವರು ಒಪ್ಪಲಿಲ್ಲ. ಇನ್ನೊಂದು ಪುಟ್ಟು ಮಾತ್ರ ತಟ್ಟೆಗೆ ಹಾಕಿದರು.

ಮಧ್ಯಾಹ್ನ ಮುತ್ತಂಗ ದಾಟಿ ಮೂಲೆಹೊಳೆಯ ಬಳಿ ಬಂದಾಗ ಮುಂದಿದ್ದ ಕೇರಳ ಸರ್ಕಾರಿ ಬಸ್ಸು ನಿಂತಿತು. ಚಾಲಕ ಕಿಟಕಿಯಿಂದ ಕೈ ಹೊರಚಾಚಿ, ಬಸ್ಸಿನ ಮರೆಗೆ ಬನ್ನಿ ಎಂದು ನಮಗೆ ಸನ್ನೆ ಮಾಡಿ ಎಂಜಿನ್ ಆರಿಸಿದರು. ಹೆಣ್ಣಾನೆಯೊಂದು ರಸ್ತೆಗೆ ಮುಂಗಾಲಿಟ್ಟು, ಸೊಂಡಿಲು ಎತ್ತಿ ನಮ್ಮ ಕಡೆಯ ಗಾಳಿ ಮೂಸುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಮರಿಯ ನಾಲ್ಕು ಕಾಲುಗಳಷ್ಟೇ ಕಾಣುತ್ತಿದ್ದವು. ಇವರ ಬೆನ್ನು ನನ್ನ ಕೈಯಡಿಯಲ್ಲಿ ಬಿಗಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಉದ್ದಕ್ಕೆ ಹಾರ್ನ್ ಹೊಡೆಯಿತು. ಆನೆ ಮರಿಯನ್ನು ಸೊಂಡಿಲಿನಿಂದ ಹಿಂದಕ್ಕೆ ತಳ್ಳಿ, ಬಂದ ದಿಕ್ಕಿಗೇ ತಿರುಗಿ ಪೊದೆಯೊಳಗೆ ಹೋಯಿತು. ಅದು ರಸ್ತೆ ದಾಟಲೇ ಇಲ್ಲ.

ಬಸ್ಸಿನ ಚಾಲಕರು ಇಳಿದು ಆ ಕಾರಿನವರೆಗೂ ನಡೆದು ಹೋಗಿ ಮಲಯಾಳದಲ್ಲಿ ಏನೋ ಹೇಳಿ ಬಂದರು. ನನಗೆ ಮಲಯಾಳ ಬರುವುದಿಲ್ಲ, ಆದರೆ ಅವರು ಬಯ್ದ ಒಂದೊಂದು ಮಾತಿಗೂ ನನ್ನ ಒಪ್ಪಿಗೆಯಿದೆ.