ಹಾಪರ್‌ಗೂ ರೇಷನ್

ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರ್‌ನಲ್ಲಿ ಒಂದು ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತಿದ್ದೇನೆ. ಬ್ಲಾಕ್ ಜೋಡಿಸಿ ಕಟ್ಟುವ, ಗಣಿ ತೋಡುವ ಕಂಪ್ಯೂಟರ್ ಆಟ ಅದು. ಆಡುವವರು ಒಂಬತ್ತೇ ಜನ. ಮೈಸೂರಿನ ನಾವು ನಾಲ್ವರು ಗೆಳೆಯರು, ಮಂಡ್ಯದ ಅಕ್ಕನ ಮಗ, ಅವನ ಪಟಾಲಂ. ಇಷ್ಟಕ್ಕೆ ಲಿಮಿಟ್ ಗಿಮಿಟ್ ಯಾಕೆ ಅಂದುಕೊಂಡಿದ್ದೆ.

ಹುಡುಗ ಕಬ್ಬಿನ ತೋಟ ಕಟ್ಟಿದ. ಮಂಡ್ಯದವನಲ್ವಾ, ಆಟದಲ್ಲೂ ಕಬ್ಬೇ. ಅದು ತಾನಾಗೇ ಕಟಾವಾಗಿ ಪೆಟ್ಟಿಗೆ ಸೇರಬೇಕು, ಅದಕ್ಕೆ ಇನ್ನೂರು ಚಿಲ್ಲರೆ ಹಾಪರ್, ಅಂದರೆ ಮೇಲೆ ಬಿದ್ದ ಸಾಮಾನನ್ನು ಎಳೆದುಕೊಂಡು ಪೆಟ್ಟಿಗೆಗೆ ಸಾಗಿಸುವ ಆಲಿಕೆ. ಆಟವನ್ನು ಮುಂದಕ್ಕೆ ನಡೆಸಲು ಸರ್ವರ್ ಸೆಕೆಂಡಿಗೆ 20 ಸುತ್ತು ಹೊಡೆಯಬೇಕು, ಒಂದು ಸುತ್ತಿಗೆ ಟಿಕ್ ಅಂತಾರೆ, ಅದಕ್ಕೆ ಸಿಗುವುದು 50 ಮಿಲಿಸೆಕೆಂಡ್. ನಮ್ಮದು 11ಕ್ಕೆ ಕುಸಿಯಿತು. ಒಡೆದ ಕಲ್ಲು ವಾಪಸ್ ಬಂದು ಕೂರುತ್ತಿತ್ತು. ಬಾಗಿಲು ತೆರೆಯಲು ಯೋಚನೆ ಮಾಡುತ್ತಿತ್ತು.

ನನಗೆ ಸಿಟ್ಟು ಬಂತು. ಯಾರಿಗೂ ಹೇಳದೆ ರಾತ್ರಿ ಸರ್ವರ್‌ಗೆ ಒಂದು ಪ್ಲಗಿನ್ (ಹೆಚ್ಚುವರಿ ಪ್ರೋಗ್ರಾಂ) ಹಾಕಿ, 16×16 ಬ್ಲಾಕಿನ ಒಂದು ಚಂಕ್‌ಗೆ 32 ಹಾಪರ್ ಅಂತ ಬರೆದೆ. ಏನೂ ಆಗಲಿಲ್ಲ. ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಸ್ಪೇಸ್ ಒತ್ತುವ ಕಡೆ ಟ್ಯಾಬ್ ಒತ್ತಿದ್ದೆ. ಸೆಟ್ಟಿಂಗ್ ಬರೆಯುವ ವೈ.ಎ.ಎಂ.ಎಲ್. ಫೈಲಿಗೆ ಟ್ಯಾಬ್ ಕಂಡರಾಗದು.

ಬೆಳಿಗ್ಗೆ ಫೋನ್. "ಮಾವ, ಹೊಸ ಹಾಪರ್ ಇಡಕ್ಕಾಯ್ತಿಲ್ಲ. ನಿಮ್ದೆಲ್ಲ ಹಂಗೇ ಅದೆ?"

ಅವನು ಕೇಳಿದ್ದು ಸರಿ ಇತ್ತು. ನನ್ನ ಪ್ಲಗಿನ್ ಲೆಕ್ಕ ನೋಡುವುದು ಹೊಸದಾಗಿ ಇಡುವಾಗ ಮಾತ್ರ. ಮೊದಲೇ ಇಟ್ಟವರದ್ದು ಭದ್ರ. ವಿ.ಸಿ. ನಾಲೆಯಲ್ಲಿ ಮೇಲಿನವರು ಗದ್ದೆ ತುಂಬಿಸಿಕೊಂಡ ಮೇಲೆ ಮದ್ದೂರು, ಮಳವಳ್ಳಿ ಕಡೆಯ ಕೊನೆಯವರಿಗೆ "ನೀರು ಕಮ್ಮಿ ಬಳಸ್ರಪ್ಪ" ಅಂದ ಹಾಗಾಯಿತು. ಸರದಿ ಮೇಲೆ ಕಟ್ಟು ನೀರು ಬಿಡುವಾಗಲೂ ತಾರೀಕು ಮೊದಲೇ ಹೇಳುತ್ತಾರೆ. ನಾನು ಅದನ್ನೂ ಮಾಡಿರಲಿಲ್ಲ.

ಒಬ್ಬ ಗೆಳೆಯ ಇದೇ ಸಮಯ ಅಂತ ವಜ್ರಕ್ಕೂ ಲಿಮಿಟ್ ಹಾಕು ಅಂದ. ನಾನು ಒಪ್ಪಲಿಲ್ಲ. ಪೆಟ್ಟಿಗೆಯೊಳಗೆ ಸುಮ್ನೆ ಬಿದ್ದಿರುವ ವಜ್ರದಿಂದ ಪ್ರೊಸೆಸರ್‌ಗೆ ಏನು ಕಷ್ಟ? ಅದು ಬರೀ ಹೊಟ್ಟೆಕಿಚ್ಚು. ಹಾಪರ್ ಹಾಗಲ್ಲ, ಸುಮ್ಮನೆ ಕೂರುವ ಜಾತಿಯೇ ಅಲ್ಲ. ಎಂಟು ಟಿಕ್‌ಗೊಮ್ಮೆ ಒಂದು ಸಾಮಾನು ಸಾಗಿಸುತ್ತದೆ, ಸಾಗಿಸಲು ಏನೂ ಇಲ್ಲದಿದ್ದರೂ ತಲೆ ಮೇಲೆ ಏನಾದರೂ ಬಿತ್ತಾ ಅಂತ ಹುಡುಕುತ್ತಲೇ ಇರುತ್ತದೆ. ಸಾಮಾನು ಮೇಲಿಂದ ಬೀಳಬೇಕಿಲ್ಲದ ಕಡೆ ಅದರ ಮೇಲೊಂದು ಕಾಂಪೋಸ್ಟರ್ (ಆಟದ ಗೊಬ್ಬರದ ಡಬ್ಬ) ಇಟ್ಟರೆ ಆ ಹುಡುಕಾಟ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಿಕೊಟ್ಟಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ನೆಲಕ್ಕೆ ಬಿದ್ದ ಸಾಮಾನಿನದ್ದೂ ಅದೇ ಕಥೆ. ಅದು ಮಾಯವಾಗಲು 6000 ಟಿಕ್, ಅಂದರೆ ಐದು ನಿಮಿಷ. ನಾನು ಹಾಕಿರುವ 'ಪೇಪರ್' ಅನ್ನುವ ಸರ್ವರ್ ತಂತ್ರಾಂಶದಲ್ಲಿ ಒಂದೊಂದು ಸಾಮಾನಿಗೂ ಬೇರೆ ಬೇರೆ ಸಮಯ ಕೊಡಬಹುದು. ಗಣಿ ತೋಡುವವರು ಬಿಸಾಕುವ ಕಾಬಲ್‌ಸ್ಟೋನ್ ಕಲ್ಲಿಗೆ 300 ಟಿಕ್ ಕೊಟ್ಟೆ, ಹದಿನೈದು ಸೆಕೆಂಡಿಗೆ ಮಾಯ. ಒಬ್ಬರೂ ತಕರಾರು ತೆಗೆಯಲಿಲ್ಲ. ಕಸದ ಮೇಲೆ ಯಾರಿಗೆ ತಾನೇ ಆಸೆ?

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ವಾರದ ಗಡುವು ಕೊಟ್ಟು, 32 ಎಲ್ಲರಿಗೂ, ಹಳೆಯದಕ್ಕೂ ಅಂತ ಹಾಕಿದೆ. ಹುಡುಗ ಮರು ಮಾತಾಡದೆ ತೋಟವನ್ನು ಏಳು ಚಂಕ್‌ಗೆ ಹಂಚಿದ. ಆಮೇಲೆ ನನ್ನ ಕೋಟೆ ಕೆಳಗೆ ಇಳಿದು ಎಣಿಸಿಕೊಂಡು ಬಂದಿದ್ದಾನೆ.

"ಮಾವ, ನಿಮ್ದು 41 ಅವೆ."

ನಿನ್ನೆ ರಾತ್ರಿ ಒಂಬತ್ತು ಕಿತ್ತೆ. ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ.