ದೋಟಿಗೆ ದುಡ್ಡಿದೆ, ಬೆಲ್ಟಿಗೆ ಯಾಕಿಲ್ಲ?

ಅಡಿಕೆ ತೋಟದವರು ನಾಲ್ಕು ಜನ ಸೇರಿದರೆ ಈಗ ಮಾತು ದೋಟಿಗೆ, ಅಂದರೆ ನೆಲದಲ್ಲೇ ನಿಂತು ಅಡಿಕೆ ಗೊನೆ ಕೊಯ್ಯುವ ಉದ್ದನೆ ಕೋಲಿಗೆ, ಬಂದು ನಿಲ್ಲುತ್ತದೆ. ಎಷ್ಟು ಅಡಿಯದು, ಎಷ್ಟು ತೂಕ, ಲಾಕ್ ಗಟ್ಟಿ ಇದೆಯಾ, ಯಾರು ರಿಪೇರಿ ಮಾಡಿಕೊಡ್ತಾರೆ. ಕೇಳಬೇಕಾದ್ದೇ, ತಪ್ಪಲ್ಲ. ಆದರೆ ಇವತ್ತಿಗೂ ನಮ್ಮ ಸಾಗರ, ಸಿದ್ದಾಪುರ, ಶಿರಸಿ ಕಡೆ ಎಷ್ಟೋ ತೋಟಗಳಲ್ಲಿ ಕೊನೆ (ಅಡಿಕೆ ಗೊನೆ) ಇಳಿಸುವುದು ಮರ ಹತ್ತುವ ಕೊನೆಗೌಡರೇ. ಅವರ ಸೊಂಟದಲ್ಲಿ ಏನು ಕಟ್ಟಿದೆ ಅಂತ ಕೇಳುವವರು ತೀರಾ ಕಡಿಮೆ. ಇದು ನನಗೆ ಸಿಟ್ಟು ತರಿಸುತ್ತದೆ, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ.

ಮರ ಹತ್ತುವ ಸಾಮಾನು ಬಾಳಿಕೆ ಬರುತ್ತದೋ ಇಲ್ಲವೋ ಅನ್ನುವುದು ಕೃಷಿ ಮೇಳದ ಮಳಿಗೆಯಲ್ಲಿ ಗೊತ್ತಾಗುವುದಿಲ್ಲ. ಅಲ್ಲಿ ಒಣಗಿದ ಕಂಬ, ಬಿಸಿಲು, ಹತ್ತಿ ತೋರಿಸುವ ಹುಡುಗನಿಗೆ ಒಳ್ಳೆ ಅಭ್ಯಾಸ. ನಮ್ಮ ತೋಟದಲ್ಲಿ ಔಷಧಿ ಹೊಡೆಯುವ ಹೊತ್ತಿಗೆ ಮರಕ್ಕೆ ಪಾಚಿ ಹಿಡಿದಿರುತ್ತದೆ, ಐವತ್ತು ಅಡಿ ಮೇಲೆ ಗಾಳಿಗೆ ಮರ ಓಲಾಡುತ್ತಿರುತ್ತದೆ, ಅದರ ಮೇಲೆ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಸುಣ್ಣ ಸಾಕಾಯ್ತಾ ಅಂತ ನೋಡಲು ಕತ್ತಿ ಅದ್ದುತ್ತೇವಲ್ಲ? ಸುಣ್ಣ ಕಮ್ಮಿ ಇದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಂದರೆ ತುತ್ತು ಕಬ್ಬಿಣವನ್ನು ತಿನ್ನುತ್ತಿದೆ ಅಂತಲೇ ಅರ್ಥ. ಕತ್ತಿಗೆ ಆಗುವುದು ಬಕಲ್ಲಿಗೂ ಕೊಕ್ಕೆಗೂ ಆಗುತ್ತದೆ. ಅಲ್ಯುಮಿನಿಯಂ ಕೂಡ ತಾಮ್ರದ ಜೊತೆ ಒದ್ದೆಯಾಗಿ ಉಳಿದರೆ ಹಾಳಾಗುತ್ತದೆ. ತಗಡಿಗೆ ತೆಳ್ಳಗೆ ಸತುವಿನ ಲೇಪ ಕೊಟ್ಟು ಮಾಡಿದ ಅಗ್ಗದ ಬಕಲ್‌ಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಚ್ಚಿಕೊಂಡು, ಬಿಚ್ಚಲು ಕಲ್ಲಲ್ಲಿ ಕುಟ್ಟಬೇಕಾದ ಸ್ಥಿತಿಗೆ ಬಂದದ್ದನ್ನು ನಾನೇ ನೋಡಿದ್ದೇನೆ.

ಹಗ್ಗದ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗಕ್ಕೆ ಮನುಷ್ಯನನ್ನು ನೇತುಹಾಕಬಾರದು. ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಿಸಿಲಿಗೆ ಬೇಗ ಸೋಲುತ್ತದೆ, ಕೈಯಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ, ಪುಡಿ ಉದುರುವಾಗಲೇ ಒಳಗಿನ ಬಲ ಹೋಗಿರುತ್ತದೆ. ದನ ಕಟ್ಟಲು, ಹೊರೆ ಕಟ್ಟಲು ಸರಿ. ನೈಲಾನ್ ಒದ್ದೆಯಾದಾಗ ಸ್ವಲ್ಪ ಬಲ ಕಳೆದುಕೊಂಡರೂ ಜಗ್ಗಿದಾಗ ಹಿಗ್ಗುತ್ತದೆ. ಬೀಳುವ ಮನುಷ್ಯನ ಸೊಂಟ ಮುರಿಯದಿರಲು ಆ ಹಿಗ್ಗು ಬೇಕು.

ಕಾಲಿಗೆ ಹಾಕುವ ತಳೆ, ಕೂರಲು ಹಗ್ಗ ಕಟ್ಟಿದ ಮರದ ಮಣೆ, ಇವು ಹಳೇ ಕಾಲದವು ಅಂತ ಕೆಲವರು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ತಳೆ ಸವೆಯಲಿಕ್ಕೇ ಇರುವುದು. ಸವೆದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಮಾಡಿಕೊಳ್ಳಬಹುದು, ಯಾವ ಊರಿಂದಲೂ ಸ್ಪೇರ್ ಪಾರ್ಟ್ ಬರಬೇಕಿಲ್ಲ. ಮರಕ್ಕೆ ಉಜ್ಜುವ ಸಾಮಾನು ಹೀಗೇ ಇರಬೇಕು, ಅಗ್ಗ ಮತ್ತು ಬದಲಿಸಲು ಸುಲಭ. ಮನುಷ್ಯನನ್ನು ಹಿಡಿದು ನಿಲ್ಲಿಸುವ ಸಾಮಾನಿನಲ್ಲಿ ಮಾತ್ರ ಚೌಕಾಸಿ ಬೇಡ.

ಆನ್‌ಲೈನಲ್ಲಿ ಸಿಗುವ ಮುಳ್ಳಿನ ಶೂ ಬಗ್ಗೆಯೂ ಒಂದು ಮಾತು. ಅಡಿಕೆ, ತೆಂಗಿಗೆ ಅದನ್ನು ತರಲೇಬೇಡಿ. ಮಾವು, ಹಲಸು ವರ್ಷ ವರ್ಷ ಹೊಸ ತೊಗಟೆ ಬೆಳೆಸಿ ಗಾಯ ಮುಚ್ಚಿಕೊಳ್ಳುತ್ತವೆ, ಇವುಗಳ ಕಾಂಡ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಚುಚ್ಚಿದ ತೂತು ಮರ ಇರುವವರೆಗೂ ತೂತೇ.

ಯಂತ್ರಗಳ ಬಗ್ಗೆ ನನಗೆ ಗೌರವವಿದೆ. ಬಂಟ್ವಾಳದ ಸಜೀಪಮೂಡದ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಪೆಟ್ರೋಲ್ ಬೈಕಿನ ವಿಡಿಯೋ 2019ರಲ್ಲಿ ದೇಶವೆಲ್ಲ ಓಡಾಡಿತು. ಮರ ಹತ್ತಲು ಬಾರದವರೂ ತಲೆಯವರೆಗೆ ಹೋಗಬಹುದು ಅನ್ನುವುದು ಸಣ್ಣ ವಿಷಯ ಅಲ್ಲ. ಕೇರಳದಲ್ಲಿ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಹುಡುಗ ಹುಡುಗಿಯರಿಗೆ ಮೆಟ್ಟಿ ಹತ್ತುವ ಯಂತ್ರದ ತರಬೇತಿ ಕೊಟ್ಟಿತು, ಅದೂ ಒಳ್ಳೆ ಕೆಲಸ. ತೆಂಗಿನ ಯಂತ್ರದಲ್ಲಿ ನೋಡಬೇಕಾದ್ದು ಮರ ಸುತ್ತುವ ಉಕ್ಕಿನ ತಂತಿ ಹಗ್ಗ ಮತ್ತು ರಬ್ಬರ್. ಒಂದು ಎಳೆ ಹರಿದು ಮುಳ್ಳೆದ್ದರೂ ತಂತಿ ಬದಲಿಸಿ. ಆದರೆ ನಮ್ಮ ಕೊನೆಗೌಡರು ಒಂದು ಮರ ಹತ್ತಿದರೆ ಕೆಳಗಿಳಿಯದೇ ಪಕ್ಕದ ಮರ ಎಳೆದುಕೊಂಡು ಅದಕ್ಕೆ ದಾಟುತ್ತಾರೆ. ಬೈಕ್ ಸುಮಾರು 28 ಕೆಜಿ ತೂಗುತ್ತದೆ. ಇಳಿಜಾರಿನ ತೋಟದಲ್ಲಿ, ನೀರು ಬಸಿಯುವ ಕಾದಿಗೆ (ಕಾಲುವೆ) ದಾಟಿಸುತ್ತಾ, ಅಷ್ಟು ಭಾರವನ್ನು ಮರದಿಂದ ಮರಕ್ಕೆ ಹೊರುವುದು ಬೇರೆಯೇ ಕೆಲಸ. ಸಮತಟ್ಟಿನ ತೋಟಕ್ಕೆ ಹೊಂದುವುದು ಎಲ್ಲ ಕಡೆ ಹೊಂದಬೇಕೆಂದಿಲ್ಲ ಅಲ್ವಾ.

ಇನ್ನು ಕಾರ್ಬನ್ ಫೈಬರ್ ದೋಟಿ. ಮರ ಹತ್ತದೇ ಕೆಲಸ ಆಗುತ್ತದೆ, ಅದಕ್ಕಿಂತ ದೊಡ್ಡ ಸುರಕ್ಷತೆ ಇಲ್ಲ. ಕೊಳವೆ ಬಾಳಿಕೆ ಬರುತ್ತದೆ. ಕೈಕೊಡುವುದು ತುಂಡುಗಳನ್ನು ಹಿಡಿದಿಡುವ ಲಾಕು. ಕೆಳಗಿನ ತುಂಡಿನ ಬಾಯಿಗೆ ಮಣ್ಣು, ಮರಳು ಹೊಕ್ಕು ಉಜ್ಜಿ ಉಜ್ಜಿ ಸಡಿಲವಾಗುತ್ತದೆ. ಉದ್ದಕ್ಕೆ ಎಷ್ಟು ಭಾರ ಬೇಕಾದರೂ ತಡೆಯುವ ಕಾರ್ಬನ್, ಅಡ್ಡಕ್ಕೆ ಕಲ್ಲಿಗೆ ಬಡಿದರೆ ಕೂದಲೆಳೆ ಬಿರುಕು ಬಿಡುತ್ತದೆ. ಅದಕ್ಕಿಂತ ಮುಖ್ಯ, ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಅಲ್ಯುಮಿನಿಯಂ ಅಲ್ಲವಲ್ಲ, ಏನೂ ಆಗುವುದಿಲ್ಲ ಅನ್ನುವ ಮಾತು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ದಯವಿಟ್ಟು ನಂಬಬೇಡಿ. ತೋಟದ ಮೇಲೆ ತಂತಿ ಹೋಗಿದ್ದರೆ ಆ ಸಾಲನ್ನು ದೋಟಿಯಲ್ಲಿ ಮುಟ್ಟಬೇಡಿ. ಲೈನ್ ಆಫ್ ಮಾಡಿಸಿ, ಇಲ್ಲವೇ ಬಿಡಿ.

ಈಗ ಬೆಲ್ಟ್. ದೋಟಿಗೆ ಹತ್ತಾರು ಸಾವಿರ ಕೊಡುವವರು ಬೆಲ್ಟಿಗೆ ಕೆಲವೇ ಸಾವಿರ ಅಂದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ತಂದವರೂ ಬರೀ ಸೊಂಟದ ಪಟ್ಟಿ ತರುತ್ತಾರೆ. ಅದು ಮರಕ್ಕೆ ಒರಗಿ ಎರಡೂ ಕೈಯಲ್ಲಿ ಕೆಲಸ ಮಾಡಲಿಕ್ಕೆ ಇರುವುದು. ಬಿದ್ದಾಗ ಸೊಂಟದಲ್ಲಿ ಮಡಚಿ, ಹೊಟ್ಟೆ, ಬೆನ್ನುಮೂಳೆಗೆ ಪೆಟ್ಟು ಕೊಡುತ್ತದೆ. ಭುಜ, ತೊಡೆ ಎರಡಕ್ಕೂ ಬರುವ ಪೂರ್ತಿ ಮೈಯ ಹಾರ್ನೆಸ್ ಬೇಕು, ಭಾರತೀಯ ಮಾನಕ ಐಎಸ್ 3521ರ ಗುರುತು ಇರುವಂಥದ್ದು. ಹೊಲಿಗೆಯ ದಾರ ಪಟ್ಟಿಗಿಂತ ಬೇರೆ ಬಣ್ಣದ್ದಿರಲಿ, ಸವೆದದ್ದು ಕಣ್ಣಿಗೆ ಕಾಣುತ್ತದೆ.

ಹಾರ್ನೆಸ್ ತಂದರೆ ಮುಗಿಯಲಿಲ್ಲ. ಕಟ್ಟಡ ಕೆಲಸದವರು ಕೊಕ್ಕೆಯನ್ನು ತಲೆಯ ಮೇಲಿನ ಕಂಬಿಗೆ ಸಿಕ್ಕಿಸುತ್ತಾರೆ. ಅಡಿಕೆ ಮರಕ್ಕೆ ಕೊಂಬೆ ಇಲ್ಲ, ಮೇಲೆ ಹಿಡಿಯುವ ಜಾಗ ಇಲ್ಲ. ಹಗ್ಗವನ್ನು ಸುಮ್ನೆ ಮರಕ್ಕೆ ಸುತ್ತಿ ಎರಡು ತುದಿ ಬೆಲ್ಟಿಗೆ ಸಿಕ್ಕಿಸಿದರೆ, ಕಾಲು ಜಾರಿದಾಗ ಪಾಚಿ ಮರದಲ್ಲಿ ಹಗ್ಗವೂ ಮನುಷ್ಯನ ಜೊತೆ ಕೆಳಗೆ ಜಾರುತ್ತದೆ. ಭಾರ ಬಿದ್ದ ಕೂಡಲೇ ಮರವನ್ನು ಬಿಗಿಯುವ ಕುಣಿಕೆ ಬೇಕು. ಮರದಿಂದ ಮರಕ್ಕೆ ದಾಟುವವರಿಗೆ ಅಂಥ ಹಗ್ಗ ಎರಡು ಬೇಕು, ಹೊಸ ಮರಕ್ಕೆ ಒಂದು ಸಿಕ್ಕಿಸಿದ ಮೇಲೆಯೇ ಹಳೇ ಮರದ್ದು ಬಿಚ್ಚುವುದು. ಇದರಿಂದ ಕೆಲಸ ನಿಧಾನವಾಗುತ್ತದೆ, ಮರದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾವ ಕೊನೆಗೌಡರೂ ಇದನ್ನು ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಳ್ಳಲಿ ಅಂತಿದ್ದರೆ ನಿಧಾನವಾದ ಹೊತ್ತಿನ ಕೂಲಿಯನ್ನು ನಾವು ಕೊಡಬೇಕು. ಅವರಿಗೇ ಬೇಡ ಅಂತೆ ಅಂತ ಹೇಳಿ ಕೈ ತೊಳೆದುಕೊಳ್ಳುವುದು ನ್ಯಾಯ ಅಲ್ಲ.

ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ನಿಮ್ಮಲ್ಲಿ ತೆಂಗು ಹತ್ತುವವರಿಗೆ ಅದನ್ನು ಮಾಡಿಸಿಕೊಡಿ. ಅಡಿಕೆ ಹತ್ತುವವರಿಗೆ ಪ್ರತಿ ಊರಿನ ಸಹಕಾರ ಸಂಘವೂ ನಾಲ್ಕೈದು ಹಾರ್ನೆಸ್ ತಂದಿಟ್ಟು ಬಾಡಿಗೆ ಇಲ್ಲದೆ ಕೊಡಬಹುದು, ಒಬ್ಬರ ತೋಟ ಮುಗಿದ ಮೇಲೆ ಇನ್ನೊಬ್ಬರಿಗೆ. ಔಷಧಿ ಹೊಡೆದ ದಿನ ಸಂಜೆಯೇ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಸುಣ್ಣ ಒಣಗಿ ನೂಲಿನ ಒಳಗೆ ಕೂತರೆ ಒಳಗಿಂದಲೇ ಕೊಯ್ಯುತ್ತದೆ. ಒಮ್ಮೆ ಬಿದ್ದವರನ್ನು ತಡೆದ ಹಾರ್ನೆಸ್ ಮತ್ತೆ ಬಳಸಬೇಡಿ, ಕತ್ತರಿಸಿ ಎಸೆಯಿರಿ. ನಮ್ಮ ಸಂಘದ ಮುಂದಿನ ಸಭೆಯಲ್ಲಿ ನಾನು ಈ ಮಾತು ಎತ್ತುತ್ತೇನೆ, ನಿಮ್ಮ ಸಂಘದಲ್ಲಿ ನೀವು ಎತ್ತಿ.