ನೀರು ಮಾತ್ರ ನಿಮ್ಮದು

ಕಪಾಟು ಒರೆಸುವಾಗ ಹಿಂದಿನ ಸಾಲಿನಿಂದ ಪ್ಯಾನ್‌ಕೇಕ್ ಮಿಕ್ಸಿನ ಒಂದು ಡಬ್ಬಿ ಹೊರಗೆ ಬಂತು. ಯಾರು ತಂದರೋ, ಯಾವಾಗ ತಂದರೋ. ಮನೆಯಲ್ಲಿ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದುಗಡೆ ದಪ್ಪ ಅಕ್ಷರದಲ್ಲಿ ‘ನೀರು ಬೆರೆಸಿದರೆ ಸಾಕು’ ಎಂದು ಬರೆದಿತ್ತು. ಇಂಥ ಮಾತು ಕಂಡರೆ ಡಬ್ಬಿ ತಿರುಗಿಸಿ ಹಿಂದುಗಡೆಯ ಸಣ್ಣ ಅಕ್ಷರ ಓದುವುದು ನನ್ನ ಚಟ. ಮೈದಾ, ಸಕ್ಕರೆ, ಹಾಲಿನ ಪುಡಿ, ಉಪ್ಪು, ಉಬ್ಬಿಸುವ ಪುಡಿ. ಅಷ್ಟೇ. ಅದೇ ಕಪಾಟಿನಲ್ಲಿ ಮೈದಾ ಇದೆ, ಸಕ್ಕರೆ ಇದೆ, ಉಪ್ಪು ಇದೆ, ಬೇಕಿಂಗ್ ಪೌಡರ್ ಇದೆ. ಡಬ್ಬಿ ಇಷ್ಟು ದಿನ ಅಡಗಿ ಕೂತಿದ್ದೇ ಅವುಗಳ ಬೆನ್ನ ಹಿಂದೆ. ದುಡ್ಡು ಕೊಟ್ಟು ಹನುಮಂತನ ಕೈಲಿ ಹಲ್ಲು ಕಿರಿಸಿಕೊಂಡ ಹಾಗಾಯಿತು.

ಪ್ಯಾನ್‌ಕೇಕ್‌ಗೆ ಏನು ಮಹಾ ಬೇಕು ಹೇಳಿ? 250 ಮಿಲಿ ಹಿಡಿಸುವ ಲೋಟದಲ್ಲಿ ಒಂದು ಲೋಟ ಮೈದಾ, ಹೆಚ್ಚುಕಮ್ಮಿ ಅಷ್ಟೇ ಹಾಲು, ಒಂದು ಮೊಟ್ಟೆ, 2 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಸಿಹಿ ಬೇಕಾದವರು ಒಂದು ಚಮಚ ಸಕ್ಕರೆ ಹಾಕಿಕೊಳ್ಳಲಿ. ಮೊಟ್ಟೆ ಇಲ್ವಾ, ಬಿಡಿ, ಸ್ವಲ್ಪ ಮೆತ್ತಗೆ ಬರುತ್ತದೆ ಅಷ್ಟೆ. ಹಾಲು ಸಾಲದಿದ್ದರೆ ಅರ್ಧ ನೀರು. ಹುಳಿ ಮಜ್ಜಿಗೆ ಇದ್ದರೆ ಬೇಕಿಂಗ್ ಪೌಡರ್ ಬದಲು ಅರ್ಧ ಟೀ ಚಮಚ ಸೋಡಾ ಸಾಕು. ಇದನ್ನೆಲ್ಲ ಅಳೆದು ಕಲಸುವುದು ಕಾವಲಿ ಕಾಯುವುದರೊಳಗೆ ಮುಗಿಯುತ್ತದೆ. ಹಾಗಿದ್ದೂ ಜನ ಡಬ್ಬಿ ಯಾಕೆ ಕೊಳ್ಳುತ್ತಾರೆ? ಇದಕ್ಕೊಂದು ಉತ್ತರ ಇರಲೇಬೇಕು ಅಂತ ಒರೆಸುವ ಬಟ್ಟೆ ಬದಿಗಿಟ್ಟು ಓದುತ್ತಾ ಕೂತೆ. ಕಪಾಟು ಅರ್ಧಕ್ಕೇ ನಿಂತಿತು.

ಕಥೆ ಶುರುವಾಗುವುದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಊರಲ್ಲಿ. 1888ರಲ್ಲಿ ಕ್ರಿಸ್ ರಟ್ ಎಂಬ ಪತ್ರಕರ್ತ ಚಾರ್ಲ್ಸ್ ಅಂಡರ್‌ವುಡ್ ಎಂಬ ಗೆಳೆಯನ ಜೊತೆ ಸೇರಿ ಒಂದು ಹಿಟ್ಟಿನ ಗಿರಣಿ ಕೊಂಡ. ಪತ್ರಕರ್ತರಿಗೆ ಗಿರಣಿ ಯಾಕೆ ಬೇಕಿತ್ತೋ ಗೊತ್ತಿಲ್ಲ. ಆಗ ಮಾರುಕಟ್ಟೆಯಲ್ಲಿ ಹಿಟ್ಟೋ ಹಿಟ್ಟು, ಕೇಳುವವರೇ ಇಲ್ಲ. ಮಿಕ್ಕ ಹಿಟ್ಟನ್ನು ಏನು ಮಾಡುವುದು? ಅದಕ್ಕೆ ಉಬ್ಬಿಸುವ ಪುಡಿ, ಉಪ್ಪು ಬೆರೆಸಿ, ಕಾಗದದ ಚೀಲಕ್ಕೆ ತುಂಬಿ, 1889ರಲ್ಲಿ ಪ್ಯಾನ್‌ಕೇಕ್ ಹಿಟ್ಟು ಅಂತ ಮಾರಲು ಹೊರಟರು. ಗಮನಿಸಿ, ಪ್ಯಾನ್‌ಕೇಕ್ ಮಾಡಲು ಬರದೆ ಒದ್ದಾಡುತ್ತಿದ್ದ ಯಾರೋ ತಾಯಿಗೆ ಸಹಾಯ ಮಾಡೋಣ ಅಂತ ಹುಟ್ಟಿದ್ದಲ್ಲ ಇದು. ಗೋದಾಮು ಖಾಲಿಯಾಗಬೇಕಿತ್ತು.

ಚೀಲಕ್ಕೆ ಒಂದು ಹೆಸರು ಬೇಕಲ್ಲ. ಕರಿಯರನ್ನು ಅಣಕಿಸುವ ಆ ಕಾಲದ ರಂಗದ ಹಾಡೊಂದರಿಂದ ‘ಆಂಟ್ ಜೆಮೈಮಾ’ ಎಂಬ ಹೆಸರು ಎತ್ತಿಕೊಂಡರು. ಅಷ್ಟಾದರೂ ವ್ಯಾಪಾರ ಕೈ ಹತ್ತದೆ 1890ರಲ್ಲಿ ಇನ್ನೊಂದು ಗಿರಣಿಯವರಿಗೆ ಮಾರಿಬಿಟ್ಟರು. ಕೊಂಡವರು ಚಾಲಾಕಿಗಳು. 1893ರಲ್ಲಿ ಷಿಕಾಗೋದ ದೊಡ್ಡ ವಸ್ತುಪ್ರದರ್ಶನದಲ್ಲಿ ನ್ಯಾನ್ಸಿ ಗ್ರೀನ್ ಎಂಬ ಹೆಂಗಸನ್ನು ಆ ಹೆಸರಿನಲ್ಲಿ ಒಲೆ ಮುಂದೆ ನಿಲ್ಲಿಸಿದರು. ಕೆಂಟಕಿಯಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ್ದವರು ಆಕೆ. ಕಥೆ ಹೇಳುತ್ತಾ, ನಗುತ್ತಾ, ಜನರೆದುರು ಪ್ಯಾನ್‌ಕೇಕ್ ಹುಯ್ದು ಹುಯ್ದು ಕೊಟ್ಟರು. ಜನ ಮುಗಿಬಿದ್ದರು. ನುರಿತ ಕೈ ಆಕೆಯದು, ಮಾರಾಟವಾದದ್ದು ಡಬ್ಬಿ. ಓದುತ್ತಾ ನನಗೆ ಸಿಟ್ಟು ಬಂದದ್ದು ಇಲ್ಲೇ. ಒಲೆ ಮುಂದೆ ಬೆವರಿದವರ ಕೈಗುಣವನ್ನು ಪುಡಿಯ ಗುಣ ಅಂತ ಮಾರುವುದು ಅಂದರೆ ಸುಮ್ನೆ ಮಾತಾ? ಆ ಹೆಸರನ್ನು ತೆಗೆಯಲು 2021ರವರೆಗೆ ಕಾಯಬೇಕಾಯಿತು. ಬದಲಿಗೆ ಇಟ್ಟ ಹೆಸರು ಪರ್ಲ್ ಮಿಲ್ಲಿಂಗ್ ಕಂಪನಿ. ಅದು ರಟ್ ಮತ್ತು ಅಂಡರ್‌ವುಡ್ ಕೊಂಡಿದ್ದ ಗಿರಣಿಯ ಹೆಸರು. ಸುತ್ತಿ ಸುತ್ತಿ ಬಂದು ನಿಂತದ್ದು ಮಿಕ್ಕ ಹಿಟ್ಟಿನ ಬಾಗಿಲಿಗೇ.

ಬೇಕಿಂಗ್ ಪೌಡರ್ ಹುಟ್ಟಿದ ಕಥೆ ಇದಕ್ಕಿಂತ ಎಷ್ಟೋ ವಾಸಿ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ರಸಾಯನಶಾಸ್ತ್ರಜ್ಞನ ಹೆಂಡತಿಗೆ ಯೀಸ್ಟ್ ಆಗಿಬರುತ್ತಿರಲಿಲ್ಲ. ಅವಳೂ ಉಬ್ಬಿದ ಬ್ರೆಡ್ ತಿನ್ನಲಿ ಅಂತ 1843ರಲ್ಲಿ ಆ ಪುಡಿ ಮಾಡಿದ. ಮೊಟ್ಟೆಯೂ ಅವಳಿಗೆ ಆಗದು ಅಂತ ಅದಕ್ಕೂ ಮೊದಲೇ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ್ದವನು. ಆಮೇಲೆ ಅವನೂ ವ್ಯಾಪಾರ ಮಾಡಿ ದುಡ್ಡು ಮಾಡಿದ, ಇರಲಿ. ನಾನು ಇವನ ಪರ.

ಜನ ಡಬ್ಬಿ ಯಾಕೆ ಕೊಳ್ಳುತ್ತಾರೆ ಅನ್ನುವುದು ಹಾಗೇ ಉಳಿಯಿತು ನೋಡಿ. ಅಳೆಯುವ ಬೇಸರಕ್ಕೆ ಅನ್ನೋಣವೆಂದರೆ ಡಬ್ಬಿಯ ಪುಡಿಯನ್ನೂ ಅಳೆಯಲೇಬೇಕು, ನೀರನ್ನೂ ಅಳೆಯಬೇಕು. ಕೆಡುತ್ತದೆ ಎಂಬ ಭಯಕ್ಕೆ ಅನ್ನೋಣವೆಂದರೆ ಕೆಡುವುದು ಕಲಸುವಾಗ. ಆ ಕೆಲಸವನ್ನು ಡಬ್ಬಿಯವರು ಜಾಣತನದಿಂದ ನಮಗೇ ಬಿಟ್ಟಿದ್ದಾರೆ. ಗಂಟೊಂದೂ ಉಳಿಯಬಾರದು ಅಂತ ತೋಳು ನೋಯುವಷ್ಟು ತಿರುಗಿಸುವವರಿದ್ದಾರೆ. ತಿರುಗಿಸಿದಷ್ಟೂ ಮೈದಾದ ಅಂಟು ಬಲಿಯುತ್ತದೆ, ಪ್ಯಾನ್‌ಕೇಕ್ ರಬ್ಬರ್ ಆಗುತ್ತದೆ. ಒಣ ಹಿಟ್ಟು ಕಾಣದಷ್ಟು ಕಲಸಿ ಕೈ ತೆಗೆಯಬೇಕು. ಸಣ್ಣ ಗಂಟುಗಳು ಕಾವಲಿಯ ಮೇಲೆ ತಾವೇ ಕರಗುತ್ತವೆ.

ಒಂದರ ಮೇಲೊಂದು ಎಂಟು ಪೇರಿಸಿ, ಮೇಲೆ ಬೆಣ್ಣೆಯ ತುಣುಕಿಟ್ಟು ತೆಗೆದ ಫೋಟೋಗಳ ಮೇಲೂ ನನಗೆ ತಕರಾರಿದೆ. ಒಂದು ಕಾವಲಿಯಲ್ಲಿ ಎಂಟನೆಯದು ಬೇಯುವಾಗ ಮೊದಲನೆಯದು ತಣ್ಣಗಾಗಿರುತ್ತದೆ. ಆ ಬೆಣ್ಣೆ ಯಾವ ಬಿಸಿಗೆ ಕರಗುತ್ತಿದೆಯೋ ದೇವರೇ ಬಲ್ಲ. ಓವನ್ ಇದ್ದವರು 95 ಡಿಗ್ರಿಯಲ್ಲಿ ಇಟ್ಟು ಬೆಚ್ಚಗಿಡಬಹುದು. ಆದರೆ ಕಡಿಮೆ ಖರ್ಚಿನ ತಿಂಡಿ ಅಂತ ಶುರುಮಾಡಿ ಓವನ್ ಹಚ್ಚಿದರೆ ಲೆಕ್ಕ ಎಲ್ಲಿ ಉಳಿಯಿತು? ಆದದ್ದನ್ನು ಆದ ಹಾಗೆ ತಿನ್ನಬೇಕು. ಹಾಗೆ ತಿಂದರೆ ಎಲ್ಲರಿಗೂ ಬಿಸಿ ಸಿಗುತ್ತದೆ, ಮಾಡುವವರಿಗೆ ಕೂರಲು ಜಾಗ ಸಿಗುವಷ್ಟರಲ್ಲಿ ಮೇಜು ಖಾಲಿಯಾಗಿರುತ್ತದೆ. ಈ ಅನ್ಯಾಯಕ್ಕೆ ಮಾತ್ರ ಯಾವ ಗಿರಣಿಯವರೂ ಪುಡಿ ಕಂಡುಹಿಡಿದಿಲ್ಲ.

ಬೇಯುವಾಗ ಹತ್ತಿರ ನಿಂತು ನೋಡಿ. ಮೊದಲು ಅಂಚಿನಲ್ಲಿ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಹಸಿ ಹಿಟ್ಟು ಹರಿದು ಬಂದು ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಒಡೆದ ಗುಳ್ಳೆಯ ತೂತು ಮುಚ್ಚದೆ ಹಾಗೇ ಬಾಯಿ ತೆರೆದು ನಿಲ್ಲುತ್ತದೆ, ಅಂಚಿನ ಹೊಳಪು ಹೋಗುತ್ತದೆ. ಆಗ ಮಗುಚಬೇಕು, ಒಂದೇ ಸಲ. ಅಲ್ಲಿಗೆ ಮುಗಿಯಿತು. ಆದರೆ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮಗುಚಿದ ಕೂಡಲೇ ಸಟ್ಟುಗ ಕಿತ್ತುಕೊಂಡು ‘ಬೇಗ ಬೇಯುತ್ತೆ’ ಅಂತ ಪಟಪಟ ಒತ್ತುತ್ತಾರೆ. ಅಷ್ಟು ಹೊತ್ತು ಉಬ್ಬಿದ್ದೆಲ್ಲ ಉಸ್ಸೆಂದು ಹೊರಗೆ. ಅಂಥವರ ಜೊತೆ ನಾನು ವಾದ ಮಾಡುವುದಿಲ್ಲ. ಜೇನಿನ ಬಾಟಲಿ ಹುಡುಕಿ ತರಲು ಕಳಿಸುತ್ತೇನೆ. ಎಲ್ಲಿಟ್ಟಿದ್ದೇನೆ ಅಂತ ಹೇಳುವುದಿಲ್ಲ.